ತಾಮ್ರದ ಹಳ್ಳಿಗೆ ಬಂದ ಬಟ್ಟೆ ಹಗ್ಗ

ನಮ್ಮ ಮಾವ ಹುಟ್ಟಿದ್ದು, ಬೆಳೆದದ್ದು, ಸಂಸಾರ ಹೂಡಿದ್ದು ಎಲ್ಲ ಪೇಟೆಯ ಅಚ್ಚಿನ ಪ್ರೆಸ್ಸಿನ ಹಿಂದಿನ ಈ ಓಣಿಯಲ್ಲೇ. ಆದರೆ ಆಯುಸ್ಸೆಲ್ಲ ಕೆತ್ತಿದ್ದು ಹಳ್ಳಿಯನ್ನು. ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೀರು ಗೀರಾಗಿ ಕೊಳ, ಮರ, ಹಸು, ಹುಲ್ಲಿನ ಮನೆ, ಕೊಡ ಹೊತ್ತ ಹೆಂಗಸು. ಗೀರಿಗೆ ಮಸಿ ತುಂಬಿ ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಬಟ್ಟೆ ಸೋಪಿನ ಡಬ್ಬಗಳಿಗೆ ಅಂಟಿಸುವುದು ಅದನ್ನೇ.

ನಿಜವಾಗಿ ಹಳ್ಳಿಯಿಂದ ಬಂದವರು ಅತ್ತೆ. ಹೊಸ ಚಿತ್ರ ನೋಡಿದಾಗಲೆಲ್ಲ ಅವರದು ಒಂದೇ ತಕರಾರು. "ನಿಮ್ಮೂರಲ್ಲಿ ಸಗಣಿ ಬಾಚೋರು ಯಾರು? ಬಟ್ಟೆ ಎಲ್ಲಿ ಒಣಗಿಸ್ತಾರೆ? ಇಂಥ ಊರಿಗೆ ನನ್ನ ಕೊಟ್ಟಿದ್ರೆ ಕಾಲು ಚಾಚಿ ಕೂತಿರ್ತಿದ್ದೆ."

ಮಾವ ತಲೆ ಎತ್ತುತ್ತಿರಲಿಲ್ಲ. "ಡಬ್ಬದ ಮೇಲೆ ಸಗಣಿ ಯಾರಿಗೆ ಬೇಕೇ?"

ಅತ್ತೆ ತೀರಿಕೊಂಡ ಮೇಲೆ ಮಾವನ ಕೈ ನಡುಗತೊಡಗಿತು. ಮೊಳೆಗೆ ನೇತುಹಾಕಿದ್ದ ಅತ್ತೆಯ ಶಾಲನ್ನು ಒಗೆಯಲು ಕೇಳಿದರೆ "ಇರಲಿ ಬಿಡಮ್ಮ" ಎನ್ನುತ್ತಿದ್ದರು. ಪ್ರೆಸ್ಸಿನ ಯಜಮಾನರು ಇನ್ನೊಂದು ಹಳ್ಳಿ ಬೇಕೆಂದಾಗ, "ಇದೊಂದು ಮುಗಿಸಿ ಉಳಿ ಕೆಳಗಿಡ್ತೀನಿ" ಎಂದರು. ಕೊನೆಯ ತಗಡು ಕೆಟ್ಟಿತು ಎನ್ನಿಸಿಕೊಂಡು ಏಳುವುದು ಅವರಿಗೆ ಬೇಡವಾಗಿತ್ತು.

ಕಿಟಕಿಯ ಬೆಳಕಿನಲ್ಲಿ ಅವರು, ಪಕ್ಕದಲ್ಲಿ ಬಟ್ಟೆ ಮಡಚುತ್ತ ನಾನು, ತೊಟ್ಟಿಲಲ್ಲಿ ಮಗು. ಇನ್ನೇನು ಚಿತ್ರದ ಅಂಗಳ ಮುಗಿಯಬೇಕು, ಉಳಿ ಜಾರಿತು. ಮನೆಯ ಸೂರಿನಿಂದ ಮರದವರೆಗೆ ಉದ್ದಕ್ಕೆ ಒಂದು ಗೀರು.

ಅದನ್ನು ಅಳಿಸಬೇಕಾದರೆ ತಾಮ್ರವನ್ನು ಕೆರೆದು, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿ ತಗ್ಗನ್ನು ಮೇಲೆಬ್ಬಿಸಿ, ಮತ್ತೆ ಉಜ್ಜಿ ನುಣುಪು ಮಾಡಬೇಕು. ಆ ಕೈಗೆ ಅದು ಆಗುವ ಮಾತಲ್ಲ. ಮಾವ ಎರಡೂ ಅಂಗೈಯಿಂದ ತಗಡನ್ನು ಮುಚ್ಚಿಕೊಂಡು ಕುಳಿತುಬಿಟ್ಟರು.

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದೆ.

"ಮಾವ, ಅದು ಬಟ್ಟೆ ಹಗ್ಗದ ಹಾಗೇ ಇದೆ."

ಅವರು ಕೈ ತೆಗೆದು ನೋಡಿದರು. "ನಿಮ್ಮತ್ತೆ ಹೇಳಿಕೊಟ್ಟು ಹೋದ್ಲಾ?"

"ನಿಮ್ಮ ಮೊಮ್ಮಗಳು. ದಿನಾ ಹಗ್ಗ ತುಂಬಿಸೋಳು ಅವಳೇ ತಾನೇ?"

ಅವರು ನಗಲಿಲ್ಲ, ಉಳಿ ಎತ್ತಿಕೊಂಡರು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು ಕೆತ್ತಿದರು. ತಗಡಿನಡಿಗೆ ಇಡುವ ಮರಳು ತುಂಬಿದ ದಿಂಬಿನ ಮೇಲೆ ಅದನ್ನು ತಿರುಗಿಸಿಕೊಡುವ ಕೆಲಸ ನನ್ನದಾಯಿತು. "ಇನ್ನು ಚೂರು ಈ ಕಡೆ. ಸಾಕು. ಮಗು ಅಳ್ತಿದೆ, ನೋಡ್ಕೊಂಡು ಬಾ." ಹೀಗೆ ಕೆಲವು ದಿನ.

ಯಜಮಾನರು ಮನೆಗೇ ಬಂದು, ಒತ್ತಿದ ಮೊದಲ ಪ್ರತಿಯನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಏನ್ರೀ, ನಿಮ್ಮ ಹಳ್ಳಿಗೆ ಹಗ್ಗ ಯಾವಾಗ ಬಂತು?"

"ಆ ಮನೇಲಿ ಮಗು ಇದೆ" ಎಂದರು ಮಾವ. "ಬೇಡಾಂದ್ರೆ ತಗಡು ಬಿಟ್ಟು ಹೋಗಿ. ಅದನ್ನ ನಾನು ತೆಗೆಯಲ್ಲ."

ಯಜಮಾನರು ಗದ್ದ ಕೆರೆದುಕೊಂಡರು. "ಮಾರೋದು ಬಟ್ಟೆ ಸೋಪು. ಇಷ್ಟು ವರ್ಷ ಒಂದು ಬಟ್ಟೇನೂ ತೋರಿಸಿಲ್ಲ ನೋಡಿ ನಾವು" ಎನ್ನುತ್ತ ತಗಡನ್ನು ಜೋಪಾನವಾಗಿ ಸುತ್ತಿಕೊಂಡು ಹೊರಟರು.

ಮಾವ ಉಳಿಗಳಿಗೆ ಎಣ್ಣೆ ಸವರಿ ಪೆಟ್ಟಿಗೆಗೆ ಹಾಕಿದರು. "ನಡುಗೋ ಕೈಗೆ ಇದೇ ಸರಿ" ಎಂದು ತೊಟ್ಟಿಲು ತೂಗಲು ಕುಳಿತರು. ನಮಗೇ ಉಳಿದ ಪ್ರತಿಯ ಮೇಲೆ ನಾನು ಭೂತಗನ್ನಡಿ ಇಟ್ಟೆ. ಮಗುವಿನ ಪುಟ್ಟ ಬಟ್ಟೆಗಳ ಸಾಲಿನ ಕೊನೆಯಲ್ಲಿ ಒಂದು ಶಾಲು. ಅದರ ಮೂಲೆಯಲ್ಲಿ ಅತ್ತೆ ಹಾಕಿದ ತೇಪೆ, ಹೊಲಿಗೆ ಸಮೇತ.

ಮರುದಿನ ಬೆಳಿಗ್ಗೆ ಮೊಳೆ ಖಾಲಿಯಿತ್ತು. ಶಾಲನ್ನು ಮಾವನೇ ತಂದು ನನ್ನ ಬಕೆಟ್ಟಿನಲ್ಲಿ ನೆನೆಹಾಕಿದ್ದರು.