ಲಗಮಣ್ಣನ ಪಾವಟಿಗೆ

ಚಿಮ್ಮಡದಲ್ಲಿ ನಮ್ಮ ಮನೆಯ ಎದುರಿಗೇ ಲಗಮಣ್ಣನ ಮನೆ. ಅದು ನನ್ನ ಕರ್ಮ. ಯಾರ ಮನೆಯಲ್ಲಿ ಏನು ಕೆಟ್ಟರೂ "ಅದರಾಗೇನೈತಿ, ನಾ ಮಾಡ್ತೇನಿ" ಎಂದು ನಟ್ಟು ತಿರುಗಿಸುವ ಪಾನಾ ಹಿಡಿದು ಹಾಜರಾಗುವ ಮನುಷ್ಯ. ತನ್ನ ತಾಯಿಯ ಕೋಣೆಯ ಫ್ಯಾನಿಗೆ ವೈರು ತಿರುವುಮುರುವು ಕೊಟ್ಟು ಗಾಳಿಯೆಲ್ಲ ಮೇಲಕ್ಕೆ ಹೋಗುವಂತೆ ಮಾಡಿದವನು ಇವನೇ. ಕೇಳಿದರೆ, ಗಾಳಿ ಮೇಲೆ ಹೋಗಿ ತಂಪಾಗಿ ಕೆಳಗೆ ಬರುತ್ತದೆ ಎಂದ. ಇಂಥವನಿಗೆ ಬುದ್ಧಿ ಹೇಳುವವನೇ ಮೂರ್ಖ.

ಕುರಿ ಸಾಗಿಸಲು ಒಂದು ಪಿಕಪ್ ಇಟ್ಟಿದ್ದಾನೆ. ಎತ್ತರದ ಗಾಡಿ. ತಾಯಿ ಸೋಮವ್ವನಿಗೋ ಮೊಣಕಾಲು ಹಿಡಿದಿವೆ. ಆಕೆಯನ್ನು ಎಲ್ಲಿಗಾದರೂ ಕರೆದೊಯ್ಯುವಾಗ ಬಗಲಿಗೆ ಕೈ ಹಾಕಿ, ಸಂತೆಗೆ ಕುರಿ ಏರಿಸಿದಂತೆ ಎತ್ತಿ ಮುಂದಿನ ಸೀಟಿಗೆ ಹಾಕುತ್ತಿದ್ದ. ಓಣಿಯ ಮಂದಿ ನಿಂತು ನೋಡುತ್ತಿದ್ದರು. ಆಕೆ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿ ಕೂರುತ್ತಿದ್ದಳು. ಆಟೋ ತರಿಸು ಎಂದು ಎಷ್ಟು ಸಲ ಕೇಳಿದ್ದಳೋ.

"ಮನಿ ಮುಂದ ಸ್ವಂತ ಗಾಡಿ ಇಟಗೊಂಡು ನಮ್ಮವ್ವ ಆಟೋ ಹತ್ತಿದ್ರ ಮಂದಿ ನನಗೇನಂದಾರು?" ಎನ್ನುತ್ತಿದ್ದ ಈ ಸುಪುತ್ರ.

ಹಿಪ್ಪರಗಿಗೆ ಕೊಟ್ಟ ತನ್ನ ಮಗಳು ಮಾಯಾ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ ಸೋಮವ್ವ ಕಡ್ಡಿ ಮುರಿದಂತೆ ಹೇಳಿದಳು.

"ಬೀಗರ ಮುಂದ ನನ್ನ ಎತ್ತಿ ಇಳಿಸಿದಿ ಅಂದ್ರ ನೋಡಲೇ. ನನ್ನ ಕಾಲಿಲೆ ಹತ್ತಿ ನನ್ನ ಕಾಲಿಲೆ ಇಳಿಯೂದಿದ್ರ ಬರ್ತೇನಿ. ಇಲ್ಲಂದ್ರ ಮಗಳ ಮನಿ ನೋಡೂದ ಬ್ಯಾಡ ನನಗ."

ಲಗಮಣ್ಣ ಜಮಖಂಡಿಗೆ ಹೋಗಿ ಗಾಡಿಯ ಎರಡೂ ಬಾಗಿಲ ಕೆಳಗೆ ಹಾಕುವ, ಕಾಲಿಟ್ಟು ಹತ್ತುವ ಪಾವಟಿಗೆ ತಂದ. ಹಚ್ಚಿಕೊಡುತ್ತೇನೆ ಎಂದ ಅಂಗಡಿಯವನಿಗೆ, "ಅದರಾಗೇನೈತಿ" ಎಂದು ಹೇಳಿ ಬಂದನಂತೆ. ಓಣಿಯಲ್ಲಿ ಗಾಡಿ ನಿಲ್ಲಿಸಿ ಅದರಡಿ ಮಲಗಿದ. ಕಾಲೆರಡು ಹೊರಗೆ, ಬೈಗುಳ ಒಳಗೆ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ ಆಮೇಲೆ ಬಿಗಿಯಬೇಕು. ಇವನು ಮೊದಲನೆಯದನ್ನೇ ಜೀವ ಹೋಗುವಂತೆ ಬಿಗಿದ. ಉಳಿದ ತೂತುಗಳು ಹೊಂದಲಿಲ್ಲ. ಸುತ್ತಿಗೆಯಿಂದ ಬಡಿದ. ಬಡಿದು ದಣಿದ ಮೇಲೆ ಗೊತ್ತಾಯಿತು, ಎಡಗಡೆಯದನ್ನು ಬಲಕ್ಕೆ ಹಿಡಿದಿದ್ದಾನೆ. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಎಲ್ಲವನ್ನೂ ನೋಡಿದೆ. ಕೊನೆಗೆ ಹೇಗೋ ಕೂತವು. ಹತ್ತಿ ಕುಣಿದು ನೋಡಿದೆ. ಗಟ್ಟಿಯಾಗಿದ್ದವು, ಸುಳ್ಳೇಕೆ ಹೇಳಲಿ.

ಗೃಹಪ್ರವೇಶದ ದಿನ ಬೆಳಗ್ಗೆ ಗಾಡಿಗೆ ಪೂಜೆ. ಹೊಸದೇನು ತಂದರೂ ಮನೆದೇವರು ಬೀರಪ್ಪನ ಹೆಸರಿನಲ್ಲಿ ಭಂಡಾರ ಹಚ್ಚುವುದು ಅವರ ಮನೆತನದ ಪದ್ಧತಿ. ಹಚ್ಚಲಿ, ಬೇಡವೆಂದವರಾರು? ಬಾನೆಟ್ಟಿತ್ತು, ಗಾಜಿತ್ತು, ಸ್ಟೇರಿಂಗ್ ಇತ್ತು. ಈ ಮಹಾಶಯ ಎರಡೂ ಪಾವಟಿಗೆಗಳ ಮೇಲೆ, ಸರಿಯಾಗಿ ಕಾಲಿಡುವ ಜಾಗದಲ್ಲೇ, ಈ ತುದಿಯಿಂದ ಆ ತುದಿಗೆ ಅರಿಷಿಣದ ಭಂಡಾರ ಬಳಿದು ಕಾಯಿ ಒಡೆದ. ನಮ್ಮನ್ನೆಲ್ಲ ಕರೆದು ತೋರಿಸಿದ ಬೇರೆ.

ಸೋಮವ್ವ ಇಳಕಲ್ ಸೀರೆ ಉಟ್ಟು, ಸೊಸೆ ಮಾಲಾಳ ಹೆಗಲು ಹಿಡಿದು ಬಂದಳು. ಚಪ್ಪಲಿ ಬಿಟ್ಟು ಕಾಲೆತ್ತಿದಳು. ಹಳದಿ ಕಂಡದ್ದೇ ಕಾಲು ಹಿಂದಕ್ಕೆ ಎಳೆದುಕೊಂಡಳು. ಬಗ್ಗಿ ಪಾವಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಬೀರಪ್ಪನ ಭಂಡಾರ ತುಳಿ ಅಂತಿ ಏನಲೇ ನನಗ?"

"ಒರಸ್ತೇನಿ ತಡೀಬೇ," ಎಂದು ಇವನು ಹೆಗಲ ಟಾವೆಲ್ ತೆಗೆದ.

"ದೇವರಿಗೆ ಏರಿಸಿದ್ದನ್ನ ಬೆವರ ಒರಸೂ ಅರಿವಿಲೆ ಒರಸ್ತಿ? ಒರಸಿದ್ರೂ ಅದರ ಮ್ಯಾಲ ನಾ ಕಾಲ ಇಡಂಗಿಲ್ಲ."

ಲಗಮಣ್ಣ ಅತ್ತಿತ್ತ ನೋಡಿದ. ಓಣಿಗೆ ಓಣಿಯೇ ನೆರೆದಿತ್ತು. ಆಮೇಲೆ ಅವನಿಗೆ ಹೊಳೆದದ್ದೇನು? ಮತ್ತೆ ತಾಯಿಯ ಬಗಲಿಗೆ ಕೈ ಹಾಕಿದ. ಆಕೆ ಆ ಕೈಯನ್ನು ಛಟ್ಟನೆ ಹೊಡೆದು ಸರಿಸಿದಳು. ಕಣ್ಣಲ್ಲಿ ನೀರಿತ್ತು. ಅವತ್ತು ಅವನ ಕಪಾಳಕ್ಕೆ ಎರಡು ಬಾರಿಸಬೇಕೆನಿಸಿತು ನನಗೆ.

ಬನಹಟ್ಟಿ ಕಡೆಯ ಆಟೋ ಒಂದು ಬರುತ್ತಿತ್ತು. ಮಾಲಾ ಗಂಡನನ್ನು ಕೇಳದೆಯೇ ಕೈ ಮಾಡಿ ನಿಲ್ಲಿಸಿದಳು. ಸೋಮವ್ವ ಕಂಬಿ ಹಿಡಿದು, ಒಂದು ಕಾಲು ಇಟ್ಟು, ಇನ್ನೊಂದನ್ನು ಎಳೆದುಕೊಂಡು, ಯಾರ ಕೈಯೂ ಇಲ್ಲದೆ ಹತ್ತಿ ಕೂತಳು. ಮಾಲಾ ಪಕ್ಕದಲ್ಲಿ ಕೂತಳು.

"ಅವ್ವಾ, ಮತ್ತ ನನ್ನ ಗಾಡಿ?" ಎಂದ ಲಗಮಣ್ಣ.

ಮಗಳಿಗೆ ಉಡುಗೊರೆ ಕೊಡಲೆಂದು ತಂದ ಕಬ್ಬಿಣದ ಕಪಾಟು ಕಟ್ಟೆಯ ಪಕ್ಕದಲ್ಲಿ ನಿಂತಿತ್ತು. ಸೋಮವ್ವ ಅದರ ಕಡೆ ಗದ್ದ ತಿರುಗಿಸಿದಳು.

"ಅದನ್ನ ಎತ್ತಿ ಹಾಕ್ಕೊಂಡು ಹಿಂದ ಬಾ. ಮಂದಿ ಮುಂದ ಎತ್ತಿದ್ರ ಅದಕ್ಕ ನಾಚಿಕಿ ಆಗೂದಿಲ್ಲ."