ನಡುಹೊಳೆಯಲ್ಲಿ ನಿಂತ ಪುಸ್ತಕ

ನಮ್ಮ ಅತ್ತೆ ತೀರಿಕೊಂಡಾಗ ನಾವು ಕೂಡಿ ಓದುತ್ತಿದ್ದ ಕಾದಂಬರಿ ನಡುಹೊಳೆಯಲ್ಲಿ ನಿಂತಿತ್ತು. ಕಥೆಯ ಹುಡುಗಿ ತುಂಬಿದ ಹೊಳೆಯಲ್ಲಿ ಹರಿಗೋಲಿನೊಳಗೆ ಒಬ್ಬಳೇ ಕುಳಿತಿದ್ದಳು. ಹುಟ್ಟು ಕೈಜಾರಿ ನೀರಿಗೆ ಬಿದ್ದಿತ್ತು. ಅಷ್ಟು ಓದುವ ಹೊತ್ತಿಗೆ ಅತ್ತೆಗೆ ಚಳಿಜ್ವರ ಹತ್ತಿತು, ಮತ್ತೆ ಅವರು ಎದ್ದು ಕೂಡಲಿಲ್ಲ. ಗುರುತಿಗೆಂದು ಅವರೇ ಪುಟದ ನಡುವೆ ಇಟ್ಟಿದ್ದ ಹುಣಸೆ ನಾರು ಹಾಗೆಯೇ ಉಳಿಯಿತು. ಮಳೆಗಾಲ ಹೋಗಿ ಬೇಸಿಗೆ ಬಂದರೂ ನಾನು ಆ ಪುಸ್ತಕ ತೆರೆಯಲಿಲ್ಲ. ಅಂಗಡಿಗೂ ಕೊಡಲಿಲ್ಲ.

ಅಂಗಡಿಯ ಮಾತು ಯಾಕೆ ಬಂತೆಂದರೆ, ನಮ್ಮದು ಹೊಸಪೇಟೆಯಲ್ಲಿ ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಜೀರಿಗೆ, ಮೆಂತ್ಯ, ಅರಿಶಿನಪುಡಿ ಕಟ್ಟಿಕೊಡಲು ಹಳೆಯ ಕಾಗದ ಬೇಕು. ನಮ್ಮ ಯಜಮಾನರು ಅದನ್ನು ರದ್ದಿ ಎಂದು ತೂಕದ ಮೇಲೆ ಕೊಳ್ಳುತ್ತಿದ್ದರು. ವರ್ಗವಾಗಿ ಹೋಗುವ ಕಚೇರಿಯವರು, ಮಕ್ಕಳ ಓದು ಮುಗಿಸಿದವರು ಹಾಕಿದ ಪುಸ್ತಕಗಳು ಅದರೊಳಗೆ ಬರುತ್ತಿದ್ದವು. ಕನ್ನಡ, ತೆಲುಗು, ಇಂಗ್ಲಿಷು ಎಲ್ಲ ಒಂದೇ ಗೋಣಿಚೀಲದಲ್ಲಿ.

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಕಂಪ್ಲಿಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಒಲೆಯ ಮುಂದೆ ಕೂತು, ಬಿಚ್ಚಿದ ಪೊಟ್ಟಣದ ಕಾಗದವನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈಗುಳ ಬಂತು ಎಂದುಕೊಂಡೆ.

“ಒಬ್ಬಾಕೀನ ತಿಂತೀಯೇನವ್ವಾ? ಜೋರಾಗಿ ಓದು. ನನಗೂ ಒಂದೀಟು ಹಾಕು,” ಅಂದರು.

ಅಂದಿನಿಂದ ರದ್ದಿಯ ಚೀಲ ಅಂಗಡಿಗೆ ಹೋಗುವ ಮೊದಲು ಪಡಸಾಲೆಗೆ ಬರಬೇಕೆಂದು ಅತ್ತೆಯ ಕಟ್ಟಳೆ. ಮಧ್ಯಾಹ್ನ ಊಟವಾದ ಮೇಲೆ ಅವರು ಅಂಗಡಿಯ ಹುಣಸೆಹಣ್ಣಿನ ಬೀಜ, ನಾರು ತೆಗೆಯುತ್ತ ಕೂಡುವರು, ನಾನು ಓದುವೆ. ಓದಿ ಮುಗಿದದ್ದು ಅಂಗಡಿಗೆ. ಅದರಲ್ಲಿ ಅವರಿಗೆ ಯಾವ ಮರುಕವೂ ಇರಲಿಲ್ಲ. “ತಲ್ಯಾಗ ಬಂತಲ್ಲ, ಇನ್ನ ಜೀರಿಗಿ ಕಟ್ಟಲಿ,” ಅನ್ನುವರು.

ಇನ್ನೊಂದು ಕಟ್ಟಳೆ ಅವರು ತವರಿನಿಂದ ತಂದದ್ದು. ಅವರ ತವರು ಹಂಪಿ. ಬಜಾರಿನ ಸಾಲುಮಂಟಪದಲ್ಲೊಂದು ಗೋಡೆ ಕಟ್ಟಿಕೊಂಡು ಮನೆ ಮಾಡಿದವರು. ಅಲ್ಲಿ ಶ್ರಾವಣದಲ್ಲಿ ಪುರಾಣ ಓದುವ ಅಜ್ಜನೊಬ್ಬ ಸಾವಿನ ಜಾಗದಲ್ಲಿ, ಅಳುವಿನ ಜಾಗದಲ್ಲಿ ಎಂದೂ ಓದು ನಿಲ್ಲಿಸುತ್ತಿರಲಿಲ್ಲವಂತೆ. ಎಷ್ಟೇ ಹೊತ್ತಾಗಲಿ, ಒಳ್ಳೆಯದೊಂದು ನಡೆಯುವವರೆಗೆ ಓದಿ, ಕೇಳಿದವರ ಬಾಯಿಗೆ ಸಕ್ಕರೆ ಹಾಕಿ ಏಳುತ್ತಿದ್ದನಂತೆ. ಪುರಾಣದ ಈ ನೇಮವನ್ನು ಅತ್ತೆ ರದ್ದಿಯ ಪುಸ್ತಕಗಳಿಗೆಲ್ಲ ಹಚ್ಚಿಬಿಟ್ಟರು. ಸಕ್ಕರೆಯ ಬದಲು ನಮ್ಮ ಕಂಪ್ಲಿಯ ಬೆಲ್ಲ.

ಇದರಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ದನಗಳ ರೋಗದ ಪುಸ್ತಕವೊಂದು ಬಂತು. ಗಂಟಲುಬೇನೆ, ಕಾಲುಬೇನೆ, ಹೊಟ್ಟೆಯುಬ್ಬರ ಎಂದು ಪುಟಪುಟಕ್ಕೂ ದನ ಮಲಗುತ್ತಿತ್ತು. ಒಂದು ಎಮ್ಮೆಯಾದರೂ ಎದ್ದು ಮೇವು ತಿನ್ನುವವರೆಗೆ ನನಗೆ ಬಿಡುಗಡೆಯಿಲ್ಲ. ರೈಲಿನ ವೇಳಾಪಟ್ಟಿ ಬಂದಾಗ, ಅದರಲ್ಲಿ ಕೆಟ್ಟದ್ದೇನಿದೆ, ಬೇಗ ಮುಗಿಸಬಹುದು ಎಂದುಕೊಂಡೆ. ಹೊಸಪೇಟೆಯಿಂದ ಹೊರಟು ತೋರಣಗಲ್ಲು, ಬಳ್ಳಾರಿ, ಗುಂತಕಲ್ಲು ಎಂದು ಓದಿ ಪುಸ್ತಕ ಮುಚ್ಚಿದೆ.

“ಅಯ್ಯ, ಅಲ್ಲೇ ಬಿಟ್ಟು ಬರ್ತೀಯೇನ? ಪರ ಊರಾಗ ಮಂದಿ ಎಲ್ಲಿ ಮಕ್ಕೋಬೇಕು? ಮನಿಗೆ ಕರಕೊಂಡು ಬಾ!” ಅಂದರು ಅತ್ತೆ.

ಹಾಗಾಗಿ ಹೋದಷ್ಟು ಊರುಗಳನ್ನೂ ಹಿಂದಿನಿಂದ ಓದುತ್ತ ಹೊಸಪೇಟೆಗೆ ಬಂದು ಇಳಿದೆವು. ಬೆಲ್ಲ ಸಿಕ್ಕಿತು. ರೈಲು ಹತ್ತದೆಯೇ ಆ ಪುಸ್ತಕದಲ್ಲಿ ನಾವು ಎಷ್ಟೋ ಸಲ ಮದರಾಸಿಗೆ ಹೋಗಿಬಂದಿದ್ದೇವೆ. ನನಗೆ ಅದು ಇವತ್ತಿಗೂ ಪ್ರೀತಿಯ ಪುಸ್ತಕ. ಬರೀ ಊರಿನ ಹೆಸರುಗಳನ್ನು ಓದಿಯೂ ಮನಸ್ಸು ಹಿಗ್ಗುತ್ತದೆ ಎಂದು ತಿಳಿದದ್ದು ಅದರಿಂದ.

ಕಡುಬೇಸಿಗೆಯಲ್ಲಿ ಓದಿದ ಶಾಲೆಯ ಭೂಗೋಳವೂ ಹಾಗೆಯೇ. ಹೊರಗೆ ಬಂಡೆಗಳು ಹಂಚಿನಂತೆ ಕಾದಿದ್ದವು, ಒಳಗೆ ನಾನು ಮಂಜುಗಡ್ಡೆಯಲ್ಲಿ ಮನೆ ಕಟ್ಟುವ ಜನರ ಪಾಠ ಓದುತ್ತಿದ್ದೆ. ಅತ್ತೆ ಸೆರಗು ಹೊದ್ದುಕೊಂಡು ಕೇಳಿದರು. “ಒಲಿ ಹಚ್ಚಿದರ ಮನಿ ಕರಗೂದಿಲ್ಲೇನ?” ಅಂದರು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅದನ್ನು ಬರೆದವರಿಗೆ ಅಡುಗೆಯ ಯೋಚನೆಯೇ ಬಂದಂತಿಲ್ಲ.

ಒಳ್ಳೆಯ ಹೆಂಡತಿ ಹೇಗಿರಬೇಕು ಎಂದು ಹೇಳುವ ಪುಸ್ತಕ ಒಂದು ಬಂತು. ರಟ್ಟು ಬಹಳ ಚೆನ್ನಾಗಿತ್ತು. ಗಂಡನಿಗಿಂತ ಮೊದಲು ಏಳಬೇಕು, ನಂತರ ಉಣ್ಣಬೇಕು, ಹೊಗೆಯಲ್ಲೂ ನಗುತ್ತಿರಬೇಕು ಎಂದಿತ್ತು.

“ಬರದಾಂವ ಯಾವತ್ತರ ಒಲಿ ಊದ್ಯಾನೇನ ಕೇಳು,” ಅಂದರು ಅತ್ತೆ. “ಇದರಾಗ ಒಳ್ಳೇ ಜಾಗ ಬರೂದಿಲ್ಲ ಬಿಡು. ಮೆಣಸಿನಪುಡಿ ಕಟ್ಟಾಕ ಕೊಡು.” ನಡುವೆ ಬಿಟ್ಟು ಅಂಗಡಿಗೆ ಕೊಟ್ಟ ಪುಸ್ತಕ ಅದೊಂದೇ.

ಕೊಲೆಯ ಕಥೆಯ ದಿನವನ್ನಂತೂ ಮರೆಯಲಾರೆ. ಮೊದಲ ಪುಟದಲ್ಲೇ ಹೆಣ. ಬೆಳಿಗ್ಗೆ ಸುಮ್ಮನೆ ಒಂದು ಪುಟ ನೋಡೋಣವೆಂದು ತೆರೆದವರು ಸಿಕ್ಕಿಬಿದ್ದೆವು. ಕೊಲೆಗಾರ ಸಿಗುವವರೆಗೆ ನಿಲ್ಲಿಸುವಂತಿಲ್ಲ. ಅನ್ನ ತಳ ಹಿಡಿಯಿತು. ಊಟಕ್ಕೆ ಬಂದ ಯಜಮಾನರು ಬೈಯಲು ಬಾಯಿ ತೆರೆದವರು, ಒಂದು ಪುಟ ಕೇಳಿ ಅಲ್ಲೇ ಗೋಡೆಗೆ ಒರಗಿ ಕೂತರು. ಕೊನೆಗೆ, ಇನ್ನೇನು ಹೆಸರು ಬರಬೇಕು, ಹಾಳೆಯೇ ಇಲ್ಲ! ಚೀಲ ಬಂದ ಕೂಡಲೇ ಅವಸರಕ್ಕೆ ಯಜಮಾನರೇ ಅದನ್ನು ಹರಿದು ಇಂಗು ಕಟ್ಟಿಕೊಟ್ಟಿದ್ದರು.

“ಯಾರಿಗೆ ಕೊಟ್ಟೀಯೋ?” ಅತ್ತೆ ಎದ್ದು ನಿಂತರು.

“ಎದುರು ಮನಿ ಅಕ್ಕಗ. ಯಾಕವ್ವಾ?”

“ಕೊಲಿ ಮಾಡಿದಾಂವ ಆ ಮನ್ಯಾಗ ಅದಾನ!”

ಎದುರು ಮನೆಯ ಅಕ್ಕನ ನಾಲಗೆಗೆ ಓಣಿಯೆಲ್ಲ ಹೆದರುತ್ತಿತ್ತು. ಅತ್ತೆ ಅವಳ ಬಾಗಿಲಲ್ಲಿ ನಿಂತು, “ಇಂಗು ನಿನಗಿರ್ಲಿ, ಕಾಗದ ಕೊಡವ್ವಾ,” ಅಂದರು.

“ಒಂದು ಚೂರು ಕಾಗದಕ್ಕ ಇಷ್ಟು ಉರಿಬಿಸಿಲಾಗ ಬಂದೀರಿ. ಏನೈತಿ ಅದರಾಗ? ಹೇಳಿದರ ಕೊಡ್ತೀನಿ.”

ಅತ್ತೆ ಬಾಗಿಲಲ್ಲೇ ನಿಂತು ಕಥೆ ಹೇಳಿದರು. ಅಕ್ಕ ಕಾಗದವನ್ನು ಅವರ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತಳು. ಮನೆಯ ಹಳೆಯ ಅಡುಗೆಭಟ್ಟನೇ ಕೊಲೆ ಮಾಡಿದ್ದ. ಅಕ್ಕ ಅವನಿಗೆ ಕೊಟ್ಟ ಬೈಗುಳವನ್ನು ಬರೆಯುವಂತಿಲ್ಲ. ಅಂದಿನಿಂದ ಅವಳೂ ದಿನಾ ಬರತೊಡಗಿದಳು. ಕೊಲೆಯ ಕಥೆ ಎಂದರೆ ನನ್ನ ಮೂಗಿಗೆ ಈಗಲೂ ಇಂಗಿನ ವಾಸನೆ ಬರುತ್ತದೆ.

ಆ ಕೊನೆಯ ಕಾದಂಬರಿ ಸಂಡೂರಿನಿಂದ ಗಾಡಿಯ ಮೇಲೆ ಬಂದ ಚೀಲದಲ್ಲಿತ್ತು. ಹೊಳೆಯ ದಂಡೆಯ ಊರಿನವರಾದ ನನಗೂ ಅತ್ತೆಗೂ ಅದರ ಮೇಲೆ ಒಂದು ತಕರಾರಿತ್ತು. ಬರೆದವರು ಹರಿಗೋಲು ಬಾಣದಂತೆ ನೆಟ್ಟಗೆ ಹೋಯಿತು ಎಂದಿದ್ದರು. ಬುಟ್ಟಿಯಂತೆ ದುಂಡಗಿರುವ ಹರಿಗೋಲು ಎಲ್ಲಾದರೂ ನೆಟ್ಟಗೆ ಹೋಗುತ್ತದೆಯೇ? ಅತ್ತೆ ಬಹಳ ನಕ್ಕಿದ್ದರು. ಹುಟ್ಟು ನೀರಿಗೆ ಬಿದ್ದಾಗ ಮಾತ್ರ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು. ನಾನು ಮುಂದಿನ ಪುಟ ತಿರುವಬೇಕು, ಅಷ್ಟರಲ್ಲಿ ಅವರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

“ಭಾಳ ಚಳಿ ಆಗಾಕಹತ್ತೈತಿ. ಇವತ್ತಿಗೆ ಸಾಕು,” ಅಂದರು. ನಾನು ಪುಸ್ತಕದ ಕಡೆ ನೋಡಿದ್ದಕ್ಕೆ, “ಹೆದರಬ್ಯಾಡ. ಹರಿಗೋಲು ಮುಳುಗೂದಿಲ್ಲ, ಬರೀ ತಿರಗ್ತೈತಿ. ನಾಳಿ ದಂಡಿಗೆ ಹಚ್ಚೋಣಂತ,” ಎಂದು ಹುಣಸೆ ನಾರನ್ನು ಪುಟದ ನಡುವೆ ಇಟ್ಟರು.

ಅವರು ಹೋದ ಮೇಲೆ ಹುಣಸೆಹಣ್ಣನ್ನು ನಾನೊಬ್ಬಳೇ ಬಿಡಿಸಿದೆ. ರದ್ದಿಯ ಚೀಲ ನೇರ ಅಂಗಡಿಗೆ ಹೋಯಿತು. ಆ ಪುಸ್ತಕವನ್ನು ಓದಿ ಮುಗಿಸಿದರೆ ಅತ್ತೆಯ ಜೊತೆ ಮಾಡಬೇಕಾದ ಕೆಲಸ ಒಂದೂ ಉಳಿಯುವುದಿಲ್ಲ ಎನ್ನಿಸುತ್ತಿತ್ತು. ಓದದೆ ಇಟ್ಟರೆ ಅವರ ನೇಮ ಮುರಿದಂತೆ. ಬೆಲ್ಲದ ಗಡಿಗೆಯ ಪಕ್ಕದಲ್ಲಿ ಅದು ಸುಮ್ಮನೆ ಕೂತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಎದುರು ಮನೆಯ ಅಕ್ಕ ಬಂದು, ಕರೆಯದೆಯೇ, ಅತ್ತೆ ಕೂಡುತ್ತಿದ್ದ ಕಂಬದ ಬುಡದಲ್ಲಿ ಕೂತಳು. ಹುಣಸೆಹಣ್ಣಿನ ಬುಟ್ಟಿ ಎಳೆದುಕೊಂಡಳು.

“ತಂಗಿ, ಅತ್ತಿ ಹೋದ್ಲು, ಅದಕ್ಕ ಯಾರೇನ್ ಮಾಡಾಕಾಗ್ತೈತಿ? ಆ ಹುಡುಗಿ ಏನ್ ಪಾಪ ಮಾಡ್ಯಾಳ? ಮಳಿಗಾಲದಿಂದ ಹೊಳ್ಯಾಗ ಕುಂತಾಳ. ಒಂದು ತುತ್ತು ಅನ್ನ ಇಲ್ಲ.”

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಪುಸ್ತಕ ತಂದು ನಾರು ತೆಗೆದೆ.

ಮುಂದಿನ ಪುಟದಲ್ಲಿ ಹುಡುಗಿಯೇ ಇಲ್ಲ. ಬರೆದವರು ಚಂದ್ರೋದಯ ಬಣ್ಣಿಸಲು ಹೋಗಿದ್ದರು. ಅದರ ಮುಂದಿನ ಪುಟದಲ್ಲೂ ಚಂದ್ರ.

“ಚಂದ್ರನ್ನ ಕಟಕೊಂಡು ಏನ್ ಮಾಡೂದು? ಹುಡುಗಿ ಎಲ್ಲಿ?” ಅಕ್ಕ ರೇಗಿದಳು.

ಹುಡುಗಿ ಸಿಕ್ಕಳು, ಆದರೆ ಹರಿಗೋಲು ಬಂಡೆಗೆ ಬಡಿಯಿತು. ನಿಲ್ಲಿಸುವಂತಿರಲಿಲ್ಲ. ನಡುನಡುವೆ ನೀರು ಕುಡಿದು ಓದಿದೆ. ಕೊನೆಗೆ ಬೆಳಗಾದ ಮೇಲೆ ದಂಡೆಯಲ್ಲಿ ಬಟ್ಟೆ ಒಗೆಯಲು ಬಂದ ಮುದುಕಿಯೊಬ್ಬಳು ಒದ್ದೆ ಸೀರೆಯನ್ನೇ ಹುಡುಗಿಯ ಕಡೆ ಎಸೆದು, ಎಳೆದು, ಮನೆಗೆ ಕರೆದೊಯ್ದು ಬಿಸಿ ಅನ್ನ, ಮಜ್ಜಿಗೆ ಬಡಿಸಿದಳು.

“ಹಾಂ, ನಿಲ್ಸಿನ್ನ. ಉಂಡಳಲ್ಲ,” ಎಂದು ಅಕ್ಕ ತಾನೇ ಎದ್ದು ಗಡಿಗೆಯಿಂದ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದಳು.

“ಇನ್ನೊಂದೇ ಪುಟ ಅಕ್ಕಾ,” ಅಂದೆ, ಬೆಲ್ಲ ಚೀಪುತ್ತ. ಯಾವಾಗಲೂ ಅತ್ತೆ ಅನ್ನುತ್ತಿದ್ದ ಮಾತು ಅದು. ಆಗ ಒಲೆಯ ಕೆಲಸವಿದೆ ಎಂದು ಗೊಣಗುತ್ತಿದ್ದವಳು ನಾನು.

ಆ ವಾರದೊಳಗೆ ಕಾದಂಬರಿ ಮುಗಿಯಿತು. ಮುಗಿದ ದಿನ ಅದನ್ನು ಯಜಮಾನರ ಕೈಗೆ ಕೊಟ್ಟೆ. ಅವರು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು.

“ಇದನ್ನ ಬೇಕಾದರ ಇಟ್ಕೊ. ಕಾಗದ ಬ್ಯಾರೆ ಐತಿ.”

“ತಲ್ಯಾಗ ಬಂತ್ರಿ,” ಅಂದೆ. “ಜೀರಿಗಿ ಕಟ್ರಿ.”

ಕೆಲವು ದಿನ ಕಳೆದ ಮೇಲೆ ಎದುರು ಮನೆಯ ಅಕ್ಕ ತನ್ನ ಬಾಗಿಲಿಂದಲೇ ಕೂಗಿದಳು. ಅವಳ ಕೈಯಲ್ಲಿ ಅರಿಶಿನ ಹತ್ತಿದ ಒಂದು ಹಾಳೆ. ಓದಲು ಬಾರದ ಅವಳು ಅದನ್ನು ನನ್ನ ಕಡೆ ತಿರುಗಿಸಿ ಹಿಡಿದು, “ತಂಗಿ, ಇದು ಯಾವ ಜಾಗ? ಹುಡುಗಿ ದಂಡಿಗೆ ಬಂದಾಳೋ ಇಲ್ಲೋ?” ಎಂದಳು.

ನಾನು ಓಣಿ ದಾಟಿ ಹೋಗಿ ನೋಡಿದೆ. ಹಾಳೆಯ ಎರಡೂ ಬದಿಗೆ ಬರೀ ಚಂದ್ರನಿದ್ದ.