ಎರಡು ಕತ್ತಿ ಹಿಡಿದವಳು

ದಿಲ್ಲಿಯ ಮುನಿರ್ಕಾದ ನಮ್ಮ ಬಾಡಿಗೆ ಕೋಣೆಯಲ್ಲಿ ಗೆಳತಿಯರೆಲ್ಲ ಸೇರಿ ದಾಳ ಉರುಳಿಸಿ ಕಥೆ ಕಟ್ಟುವ ಆಟವನ್ನು ಶುರುಮಾಡಿದ್ದೆವು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಬೇಕು. ಆಟ ನಡೆಸುತ್ತಿದ್ದವಳು ಮೈಸೂರಿನ ಸೀನಿಯರ್ ಅಕ್ಕ. ಎರಡೂ ಕೈಯಲ್ಲಿ ಕತ್ತಿ ಹಿಡಿಯುವ ಯೋಧೆಯೇ ಬೇಕೆಂದು ನಾನು ಹಟ ಹಿಡಿದೆ.

"ಎಡಗೈ ಏಟು ಗುರಿ ತಪ್ಪುತ್ತೆ ಕಣೇ, ನಿಯಮಾನೇ ಹಾಗಿದೆ. ಗುರಾಣಿ ತಗೋ," ಎಂದಳು ಅಕ್ಕ.

"ನನ್ನವಳಿಗೆ ಎರಡು ಕೈಯೂ ಒಂದೇ, ಅಕ್ಕ."

"ಅಚ್ಛಾ? ಅಂಥೋರು ಎಲ್ಲಿರ್ತಾರೆ?"

ನಾನು ಹುಟ್ಟಾ ಎಡಚಿ. ಅಜ್ಜಿ ಗದರಿಸಿ ಬಲಗೈಯಲ್ಲಿ ಬರೆಯುವುದನ್ನು ಕಲಿಸಿದ್ದರೂ ಎಡಗೈ ತನ್ನ ಹಟ ಬಿಟ್ಟಿರಲಿಲ್ಲ. ಎರಡು ಪೆನ್ನು ಹಿಡಿದು, ಎರಡೂ ಕೈಯಲ್ಲಿ ಒಟ್ಟಿಗೇ ನನ್ನ ಹೆಸರು ಬರೆದು ತೋರಿಸಿದೆ. ಎರಡು ಕಡೆಯ ಅಕ್ಷರಗಳೂ ಒಂದೇ ಸಮ ದುಂಡಗಿದ್ದವು. ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು.

"ಚಲೋ, ನಿನಗೆ ಮಾತ್ರ ಈ ನಿಯಮ ಇಲ್ಲ."

ಮೊದಲ ಕಾಳಗದಲ್ಲೇ ಗುಹೆಯ ರಾಕ್ಷಸ ಎದುರಾದ. ಎರಡೂ ಕೈಯಿಂದ ಒಂದೊಂದು ದಾಳ ಎಸೆದೆ. ಎರಡರಲ್ಲೂ ದೊಡ್ಡ ಸಂಖ್ಯೆಯೇ ಬಿತ್ತು, ರಾಕ್ಷಸ ಉರುಳಿದ. ನಮ್ಮ ಕೂಗಿಗೆ ಏನಾಯಿತೋ ಎಂದು ಕೆಳಗಿನಿಂದ ಮನೆಯೊಡತಿ ಓಡಿಬಂದು, "ಕ್ಯಾ ಹುವಾ ಬೇಟಾ?" ಎಂದು ಬಾಗಿಲು ಬಡಿದಳು.